ಒಂದು ಕಡೆಗೆ ಎಷ್ಟು ಪೈರು

ಅರ್ಪಿತಳಿಗೆ ಸಿಇಟಿಯಲ್ಲಿ ಬಂದದ್ದು ನೂರೆಂಬತ್ತಕ್ಕೆ ಐವತ್ತೆರಡು. ಗೌಡರ ಮಗಳು ದೀಪಿಕಳಿಗೆ ನಲವತ್ತೊಂಬತ್ತು. ಇದನ್ನ ಮೊದಲೇ ಹೇಳಿಬಿಡ್ತೀನಿ. ಆಮೇಲೆ ಯಾರೂ ಬಂದು, ಅಯ್ಯೋ ಆ ಹುಡುಗಿ ದಡ್ಡಿಯಂತೆ ಕಣ್ರೀ, ಅದಕ್ಕೇ ಸೀಟು ಸಿಗಲಿಲ್ಲವಂತೆ ಅನ್ನಬಾರದು. ಅನ್ನೋದಾದರೆ ಇಬ್ಬರನ್ನೂ ಅನ್ನಿ.

ಇಬ್ಬರದ್ದೂ ಕಮ್ಮಿಯೇ. ಆ ಸಲ ಬರೆದವರ ಸರಾಸರಿ ಎಪ್ಪತ್ತರ ಹತ್ತಿರ ಇತ್ತು ಅಂತ ಸೈಬರ್ ಅಂಗಡಿಯವನು ಹೇಳಿದ. ದೀಪಿಕ ಎರಡು ವರ್ಷ ಮಂಡ್ಯದ ಹಾಸ್ಟೆಲಿನಲ್ಲಿದ್ದು ಕೋಚಿಂಗಿಗೆ ಹೋದವಳು. ಅರ್ಪಿತ ಬೆಳಕವಾಡಿ ಪಕ್ಕದ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ನಿಂತುಕೊಂಡು ಕಾಲೇಜಿಗೆ ಹೋಗಿ ಬಂದವಳು. ಎರಡನೇ ಪಿಯುಸಿ ಪೂರ್ತಿ ಅವಳ ಕಾಲೇಜಿನಲ್ಲಿ ಫಿಸಿಕ್ಸಿಗೆ ಮೇಷ್ಟ್ರಿರಲಿಲ್ಲ. ಶನಿವಾರ ಭಾನುವಾರ ಅವ್ವನ ಜೊತೆ ಕಬ್ಬಿನ ತರಗು ಸುಲಿಯೋಕೆ ಹೋಗೋಳು. ಗರಿ ಕೆನ್ನೆ, ಕತ್ತು, ಕೈ ಎಲ್ಲ ಗೀರೋದು. ಸಿಇಟಿಯ ಹಿಂದಿನ ದಿನವೂ ಹೋಗಿದ್ದಳು. ಬೆಳಿಗ್ಗೆ ಪರೀಕ್ಷೆಯಲ್ಲಿ ಪೆನ್ನು ಹಿಡಿದರೆ ಬೆರಳು ಸರಿಯಾಗಿ ಮಡಚಲಿಲ್ಲ.

ಅವಳಿಗೆ ಬೇಕಾಗಿದ್ದು ಒಂದೇ. ಅಗ್ರಿ ಬಿಎಸ್ಸಿ. ಮಳವಳ್ಳಿಯಿಂದ ಮದ್ದೂರಿಗೆ ಹೋಗೋ ರಸ್ತೆಯಲ್ಲಿ ಒಂದು ಟ್ರಸ್ಟಿನವರ ಕೃಷಿ ಕಾಲೇಜು. ಕಾಂಪೌಂಡು ಉದ್ದಕ್ಕೂ ಹಸಿರು ಬಣ್ಣ, ಅದರ ಮೇಲೆ 'ಕೈ ಕೆಸರಾದರೆ ಬಾಯಿ ಮೊಸರು' ಅಂತ ಆಳೆತ್ತರದ ಅಕ್ಷರ. ಸುಲಭಕ್ಕೆ ಸೀಟು ಸಿಗೋ ಜಾಗವಲ್ಲ ಅದು. ಎಸ್ಸಿ ಸೀಟೂ ಅರವತ್ತೆಂಟು ಮಾರ್ಕಿಗೇ ಮುಗಿದುಹೋಗಿತ್ತು. ಆದರೆ ಅರ್ಧ ಸೀಟು 'ರೈತರ ಮಕ್ಕಳಿಗೆ' ಅಂತ ಬೇರೆ ತೆಗೆದಿಟ್ಟಿದ್ದರು. ಅದಕ್ಕೆ ಸಿಇಟಿಯದ್ದು ಅರ್ಧ, ಪ್ರಾಕ್ಟಿಕಲ್ಲಿನದ್ದು ಅರ್ಧ. ಬೀಜ ಗುರುತಿಸಬೇಕು. ಕಳೆ ಗುರುತಿಸಬೇಕು. ಗೊಬ್ಬರ ಯಾವುದು ಹೇಳಬೇಕು. ಪೈರು ಹಿಡಿದು ತೋರಿಸಬೇಕು. ಕಾಲೇಜಿನ ಆ ಕಾಗದ ಓದಿ ಅರ್ಪಿತ ಎಷ್ಟೋ ತಿಂಗಳ ಮೇಲೆ ನಕ್ಕಳು. ಇಷ್ಟೇನಾ ಅಂದುಕೊಂಡಳು.

ಅವಳಪ್ಪ ಮರಿಸಿದ್ದಯ್ಯ ಊರಿನ ನೀರುಗಂಟಿ. ನಾಲೆಯ ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಬಿಡೋನು ಅವನು. ಅವನಪ್ಪನೂ ಅದೇ, ತಾತನೂ ಅದೇ. ಊರ ಬಯಲಲ್ಲಿ ಯಾವ ಗದ್ದೆ ನೀರು ಕುಡಿಯುತ್ತೆ, ಯಾವುದು ಉಗುಳುತ್ತೆ ಅಂತ ಕಣ್ಣು ಮುಚ್ಚಿಕೊಂಡು ಹೇಳ್ತಾನೆ. ಅವ್ವ ಪುಟ್ಟಮಾದಮ್ಮ ನಾಟಿ ಆಳು. ಅರ್ಪಿತ ಹನ್ನೊಂದನೇ ವಯಸ್ಸಿಗೇ ಅವ್ವನ ಪಕ್ಕ ಸಾಲು ಹಿಡಿದವಳು. ಇವರು ರೈತರಲ್ಲದಿದ್ದರೆ ಇನ್ಯಾರಪ್ಪ ರೈತರು ಅಂತೀರಿ. ಅವಳಿಗೂ ಹಂಗೇ ಅನ್ನಿಸಿತ್ತು, ಪಾಪ.

ಕೌಂಟರಿನಲ್ಲಿದ್ದ ಗುಮಾಸ್ತ ಅರ್ಜಿ ತಿರುಗಿಸಿ ನೋಡಿದ.

"ಪಹಣಿ ಎಲ್ಲಮ್ಮ?"

"ಜಮೀನಿಲ್ಲ ಸರ್. ಕೂಲಿ ಮಾಡ್ತೀವಿ. ಗದ್ದೆ ಕೆಲಸಾನೇ."

"ಕೂಲಿ ಮಾಡೋರು ರೈತರು ಹೆಂಗಾಗ್ತಾರೆ? ಪಹಣೀಲಿ ಅಪ್ಪನ ಹೆಸರಿರ್ಬೇಕು."

"ಪ್ರಾಕ್ಟಿಕಲ್ಲಿಗೆ ಬುಡಿ ಸರ್. ಮಾಡಿ ತೋರಿಸ್ತೀನಿ."

"ನಿಮಗೆ ಬೇರೆ ಕೋಟಾ ಐತಲ್ಲ. ಎಲ್ಲಾದ್ರಲ್ಲೂ ನೀವೇ ಬಂದ್ರೆ ಹೆಂಗೆ?"

ಸಿಟ್ಟಿನಿಂದೇನೂ ಹೇಳಲಿಲ್ಲ ಅವನು. ಬಸ್ಸಿನ ಹೊತ್ತು ಹೇಳಿದ ಹಾಗೆ ಹೇಳಿದ. ಅರ್ಜಿ ಈಚೆ ತಳ್ಳಿ ಹಿಂದಿನವರನ್ನ ಕರೆದ. ಅವಳು ಸರಿಯಲಿಲ್ಲ. ಅವನಿಗೂ ಏನೋ ಕನಿಕರ ಬಂತು. "ಯಾರ ಗದ್ದೇಲಿ ಗೇಯ್ತೀರೋ ಅವರ ಕೈಲಿ ಒಂದು ಪತ್ರ ಬರೆಸ್ಕೊಂಡು ಬಾ. ಇಂಥೋರು ನಮ್ಮ ಜಮೀನು ಗೇಯ್ತಾರೆ ಅಂತ. ಸೆಕ್ರೆಟ್ರಿಗೆ ತೋರಿಸಿ ನೋಡೋಣ."

ಗುಮಾಸ್ತ ಗದ್ದೆ ಕಂಡವನಲ್ಲ, ಅದಕ್ಕೇ ಹಂಗಂದ. ನಮ್ಮ ಕಡೆ ಒಂದು ರೂಢಿ ಇದೆ. ಗೌಡರು ಆಳಿಗೆ ಊಟ ಕೊಟ್ಟಾರು, ಹಳೇ ಸೀರೆ ಕೊಟ್ಟಾರು, ಮದುವೆಗೆ ಅಕ್ಕಿ ಮೂಟೆ ಕಳಿಸ್ಯಾರು. ಕಾಗದ ಮಾತ್ರ ಕೊಡೋದಿಲ್ಲ. ಉಳುವವನೇ ಭೂಮಿಯ ಒಡೆಯ ಅಂತ ಕಾನೂನು ಬಂದ ಕಾಲದಲ್ಲಿ ಹೊಕ್ಕ ಭಯ ಇನ್ನೂ ಇಳಿದಿಲ್ಲ. ಇಂಥವನು ನನ್ನ ಗದ್ದೆ ಗೇಯುತ್ತಾನೆ ಅಂತ ಒಂದು ಗೆರೆ ಬರೆದುಕೊಟ್ಟರೆ ನಾಳೆ ಅದನ್ನೇ ಹಿಡಕೊಂಡು ಕೋರ್ಟಿಗೆ ಹೋದಾನು ಅಂತ ಅವರ ಅಪ್ಪಂದಿರು ಹೇಳಿಕೊಟ್ಟು ಸತ್ತವ್ರೆ. ಮರಿಸಿದ್ದಯ್ಯನಿಗೆ ಇದು ಗೊತ್ತಿರಲಿಲ್ಲವಾ? ಗೊತ್ತಿತ್ತು. ಆದರೂ ಮಗಳ ಮುಖ ನೋಡಿ, ಅವಳನ್ನೂ ಕರಕೊಂಡು ಗೌಡರ ಮನೆಗೆ ಹೋದ.

ಗೌಡರು ಅಂದರೆ ನಾಗರಾಜು. ನಾಲೆ ಬಯಲಲ್ಲಿ ಒಂಬತ್ತು ಎಕರೆ ಗದ್ದೆ, ಸೊಸೈಟಿಯಲ್ಲಿ ಡೈರೆಕ್ಟರು. ಜಗಲಿ ಮೇಲೆ ಕುರ್ಚಿ ಹಾಕಿಕೊಂಡು ಮೊಬೈಲ್ ನೋಡ್ತಾ ಕೂತಿದ್ದರು. ಮರಿಸಿದ್ದಯ್ಯ ಅಂಗಳದಲ್ಲಿ ನಿಂತು ಹೆಗಲ ಮೇಲಿನ ಟವೆಲ್ಲು ಕೈಗೆ ತಗೊಂಡ. ಅಪ್ಪ ಹಂಗೆ ಮಾಡೋದನ್ನ ನೋಡಿದಾಗೆಲ್ಲ ಅರ್ಪಿತ ಬೇರೆ ಕಡೆ ತಿರುಗಿಕೊಳ್ತಾಳೆ. ಅವತ್ತೂ ತಿರುಗಿಕೊಂಡಳು.

"ಬುದ್ದಿ, ಮಗೀಗೆ ಒಂದ್ ಕಾಗ್ದ ಬೇಕಿತ್ತು."

ಗೌಡರು ಪೂರ್ತಿ ಕೇಳಿಸಿಕೊಂಡರು. ನಕ್ಕರು. "ಅಲ್ಲ ಕಣ್ಲಾ ಮರಿಸಿದ್ದ, ಇವತ್ತು ಕಾಗ್ದ ಕೇಳ್ತೀಯ, ನಾಳೆ ಗದ್ದೆ ಕೇಳಾಕಿಲ್ವಾ?"

"ಎಲ್ಲಾರ ಉಂಟಾ ಬುದ್ದಿ."

"ನೀ ಕೇಳಾಕಿಲ್ಲ. ನಿನ್ ಮಗ್ಳು ಓದೋಳು, ಕೇಳ್ತಾಳೆ." ಮೊಬೈಲ್ ಪಕ್ಕಕ್ಕಿಟ್ಟರು. "ಅಂಗಂತ ಕೈ ಬುಡಾಕಿಲ್ಲ ಕಣೋ. ಟ್ರಸ್ಟಿನ ಸೆಕ್ರೆಟ್ರಿ ನಮ್ಮೋರೇಯ. ಒಂದ್ ಮಾತು ಏಳ್ತೀನಿ, ಸೀಟ್ ಕೊಡ್ತಾರೆ. ನೀ ಒಂದ್ ಕೆಲ್ಸ ಮಾಡು. ನಮ್ ದೀಪಿಕಂಗೆ ಈ ಕಳೆ ಪಳೆ ಒಂದೂ ಗೊತ್ತಿಲ್ಲ. ಪ್ರಾಕ್ಟಿಕಲ್ಲಿಗೆ ಇನ್ನ ಅನ್ನೆರಡು ದಿಸ ಐತೆ. ನಿನ್ ಮಗೀನ ಕಳ್ಸು, ಏಳ್ಕೊಡ್ಲಿ."

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಮರಿಸಿದ್ದಯ್ಯ ಕೈ ಮುಗಿದ. ದಾರಿ ಉದ್ದಕ್ಕೂ "ಗೌಡ್ರು ಮಾತು ಕೊಟ್ಟವ್ರೆ ಕಣವ್ವ" ಅಂತಲೇ ಬಂದ. ಮೂರನೇ ಸಲ ಹಂಗಂದಾಗ ಅರ್ಪಿತಳಿಗೂ ನಂಬಬೇಕು ಅನ್ನಿಸಿತು. ನಂಬಿದಳು.

ಹನ್ನೆರಡು ದಿನ ಹೋದಳು. ಗೌಡರ ಹೆಂಡತಿ ದೇವಿರಮ್ಮ ಜಗಲಿ ತೋರಿಸಿ, "ಅಲ್ಲೇ ಕೂತ್ಕಳವ್ವ, ಗಾಳಿ ಬತ್ತದೆ" ಅಂದರು. ಒಳಗೆ ಫ್ಯಾನು ತಿರುಗುತ್ತಿತ್ತು. ಕಾಫಿ ಪೇಪರ್ ಲೋಟದಲ್ಲಿ ಬಂತು. ಅವಳ ಅವ್ವನ ಕಾಲದಲ್ಲಿ ಜಗಲಿ ಗೂಡಿನಲ್ಲಿ ಬೇರೆ ಲೋಟ ಇರೋದು, ಕುಡಿದು ತೊಳೆದಿಡಬೇಕಿತ್ತು. ಈಗ ಮಳವಳ್ಳಿಯಿಂದ ಕಟ್ಟುಗಟ್ಟಲೆ ಪೇಪರ್ ಲೋಟ ತಂದಿಟ್ಟುಕೊಂಡವ್ರೆ. ಕುಡಿದು ಬಿಸಾಕಿದರಾಯ್ತು. ಕಾಲ ಬದಲಾಗಿದೆ ಅಂತಾರಲ್ಲ, ಇಷ್ಟೇ ಬದಲಾಗಿರೋದು.

ದೀಪಿಕ ಕೆಟ್ಟವಳಲ್ಲ. ಅದನ್ನೂ ಹೇಳಬೇಕು. ಪ್ರೈಮರಿ ಸ್ಕೂಲಲ್ಲಿ ಇಬ್ಬರೂ ಒಂದೇ ಬೆಂಚು. ಆಗ "ಏನೇ ದೀಪಿ" ಅಂತಿದ್ದಳು ಅರ್ಪಿತ. ಜಗಲಿ ಮೇಲೆ, ಒಳಗೆ ದೇವಿರಮ್ಮ ಪಾತ್ರೆ ಎತ್ತಿಡೋ ಸದ್ದು ಕೇಳ್ತಿರಬೇಕಾದರೆ, ಆ 'ಏನೇ' ಬಾಯಿಗೆ ಬರಲಿಲ್ಲ. ಹೆಸರು ಹಿಡಿಯದೆಯೇ ಹನ್ನೆರಡು ದಿನ ಮಾತಾಡಿದಳು.

ಹುಚ್ಚೆಳ್ಳು ಯಾವುದು, ನವಣೆ ಯಾವುದು ಅಂತ ಅಂಗೈಲಿ ಹಾಕಿ ತೋರಿಸಿದಳು. ಕೊನ್ನಾರಿ ಕಳೆಯ ಕಡ್ಡಿಗೆ ಮೂರು ಮೂಲೆ, ಬೆರಳ ನಡುವೆ ಇಟ್ಟು ಉರುಳಿಸಿದರೆ ಉರುಳಲ್ಲ ಅಂದಳು. ಗದ್ದೆ ಹುಲ್ಲು ಭತ್ತದ ಥರಾನೇ ಇರ್ತದೆ, ಆದರೆ ಭತ್ತಕ್ಕೆ ಎಲೆ ಬುಡದಲ್ಲಿ ಸಣ್ಣ ನಾಲಿಗೆ ಇರುತ್ತೆ, ಹುಲ್ಲಿಗೆ ಇರಲ್ಲ ಅಂದಳು. ಬೆವರಿದ ಕೈಲಿ ಯೂರಿಯ ಹಿಡಿದರೆ ತಣ್ಣಗಾಗುತ್ತೆ, ಪೊಟ್ಯಾಷು ಇಟ್ಟಿಗೆ ಪುಡಿ ಥರ ಕೆಂಪಗಿರುತ್ತೆ ಅಂದಳು. ಇವೆಲ್ಲ ಅವಳಿಗೆ ಯಾರೂ ಪಾಠ ಮಾಡಿರಲಿಲ್ಲ. ಕಳೆ ಅಂತ ಭತ್ತ ಕಿತ್ತಿದ್ದಕ್ಕೆ ಹನ್ನೆರಡನೇ ವಯಸ್ಸಲ್ಲಿ ಇದೇ ಗೌಡರ ಗದ್ದೆಯಲ್ಲಿ ಬೈಸಿಕೊಂಡಿದ್ದಳು, ಆಗ ಕಲಿತಿದ್ದು. ದೀಪಿಕ ಎಲ್ಲ ನೋಟ್ಸ್ ಮಾಡಿಕೊಂಡಳು. ಹಸಿರು ಪೆನ್ನಲ್ಲಿ ಕಳೆ, ನೀಲಿ ಪೆನ್ನಲ್ಲಿ ಬೆಳೆ.

ಒಂದು ಮಾತ್ರ ಅವಳಿಗೆ ನೆನಪಿರ್ತಿರಲಿಲ್ಲ.

"ಒಂದು ಕಡೆಗೆ ಎಷ್ಟು ಪೈರು ಅಂದೆ? ಐದಾ?"

"ಎರಡು. ಇಲ್ಲ ಮೂರು. ಜಾಸ್ತಿ ಇಟ್ರೆ ಒಂದನ್ನೊಂದು ತಿಂತವೆ. ಬೆರಳಿನ ಎರಡು ಗೆಣ್ಣು ಆಳಕ್ಕೆ ಹೋಗ್ಬೇಕು, ಅಷ್ಟೇ."

ಮಾರನೇ ದಿನ ಮತ್ತೆ ಕೇಳೋಳು. ಮತ್ತೆ ಹೇಳೋಳು.

ಪ್ರಾಕ್ಟಿಕಲ್ ದಿನ ದೀಪಿಕ ಕಾರಲ್ಲಿ ಹೋದಳು. ಪಹಣಿ ಇಲ್ಲದ ಅರ್ಪಿತಳಿಗೆ ಕರೆ ಬರಲಿಲ್ಲ, ಗೌಡರ ಮಾತು ನಂಬಿ ಮನೆಯಲ್ಲೇ ಉಳಿದಳು. ದೀಪಿಕಳಿಗೆ ಐವತ್ತಕ್ಕೆ ನಲವತ್ತೇಳು ಬಂತು. ಸೀಟು ಸಿಕ್ಕಿತು. ಗೌಡರು ಇಡೀ ಊರಿಗೆ ಮೈಸೂರು ಪಾಕು ಹಂಚಿದರು. ಕೇರಿಗೂ ಒಂದು ಡಬ್ಬ ಕಳಿಸಿದರು. ಮರಿಸಿದ್ದಯ್ಯ ಒಂದು ವಾರ ಕಾದು, ತೂಬಿನ ಹತ್ತಿರ ಗೌಡರು ಸಿಕ್ಕಾಗ ಕೇಳಿದ. ಅರ್ಪಿತ ಅಪ್ಪನಿಗೆ ಊಟ ತಂದಿದ್ದಳು, ಅಲ್ಲೇ ಇದ್ದಳು.

"ಏಳ್ದೆ ಕಣ್ಲಾ. ಮಗಿ ಮಾರ್ಕು ಆವರೇಜಿಗಿಂತ ಕಮ್ಮಿ ಅಂತಾರೆ. ನಮ್ ಕಾಲೇಜಿಗೊಂದ್ ಮರ್ವಾದೆ ಐತೆ ಅಂತಾರೆ. ನಾನೇನ್ ಮಾಡ್ಲಿ, ಏಳು."

ಐವತ್ತೆರಡು, ನಲವತ್ತೊಂಬತ್ತು. ಅರ್ಪಿತಳ ತಲೆಯಲ್ಲಿ ಎರಡು ಅಂಕಿ ಬಂದವು, ಹೋದವು. ಅಟ್ಟ ಹತ್ತಿದ ಮೇಲೆ ಏಣಿ ಒದ್ದ ಅಂತ ನಾನು ಹೇಳ್ತಿದೀನಿ. ಅವಳಿಗೆ ಅಷ್ಟೂ ಅನ್ನಿಸಲಿಲ್ಲ. ತಟ್ಟೆಗೆ ಮುದ್ದೆ ಹಾಕಿದಳು, ಸಾರು ಬಿಟ್ಟಳು. ಅಪ್ಪ ಉಣ್ಣಲಿಲ್ಲ. ಅವಳು ಉಂಡಳು.

ರಾತ್ರಿ ಪುಟ್ಟಮಾದಮ್ಮ, "ಬಡವನ ಕೋಪ ದವಡೆಗೆ ಮೂಲ, ಸುಮ್ಕಿರು ಮಗ" ಅಂದಳು.

"ಕೋಪ ಇಲ್ಲ ಕಣವ್ವ."

ಸುಳ್ಳಲ್ಲ ಅದು. ಕೋಪ ಬರಲಿ ಅಂತ ಅವಳೂ ಕಾದಳು. ಬರಲಿಲ್ಲ. ಬೇರೆ ಕಾಲೇಜಿನ ಅರ್ಜಿಗೆ ಕೊನೇ ದಿನ ಬಂತು, ಹೋಯಿತು. ಸೈಬರ್ ಅಂಗಡಿಯವನು ಫೋನ್ ಮಾಡಿದ, ಎತ್ತಲಿಲ್ಲ. ಗೆಜ್ಜಲಗೆರೆ ಫ್ಯಾಕ್ಟರಿಗೆ ಆಳು ತಗೋತಾರಂತೆ ಬಾ ಅಂತ ಕೇರಿಯ ಹುಡುಗಿಯರು ಕರೆದರು, ಹೂಂ ಅಂದಳು, ಹೋಗಲಿಲ್ಲ. ನಾಲೆಗೆ ನೀರು ಬಿಟ್ಟರು. ನಾಟಿ ಶುರುವಾಯಿತು. ಅವ್ವನ ಹಿಂದೆ ಗದ್ದೆಗಿಳಿದಳು.

ನಾಟಿ ಮಾಡೋರಿಗೆ ಗೊತ್ತು. ಮೊದಲ ದಿನ ಸೊಂಟ ಹರಿದುಹೋಗುತ್ತೆ. ಮೂರನೇ ದಿನಕ್ಕೆ ಬೆರಳ ಸಂದಿ ಕೆಸರು ತಿಂದು ಬೆಳ್ಳಗೆ ಬಿರಿಯುತ್ತೆ. ಒಂದು ವಾರ ಆಗಲಿ, ಆಮೇಲೆ ಏನೂ ಗೊತ್ತಾಗಲ್ಲ. ಮೊಣಕಾಲ ಕೆಳಗೆ ಇರೋದು ತನ್ನ ಕಾಲೋ ಗದ್ದೆಯ ಕೆಸರೋ ತಿಳಿಯಲ್ಲ. ಅರ್ಪಿತಳಿಗೆ ಅದೇ ಬೇಕಾಗಿತ್ತು. ಬಗ್ಗೋಳು, ಹಿಂದಕ್ಕೆ ಸರಿಯೋಳು, ಬಗ್ಗೋಳು. ಊರು ತಲೆಕೆಳಗಾಗಿ ಕಾಲ ಸಂದಿಯಲ್ಲಿ ಕಾಣೋದು.

ಒಂದು ದಿನ ಆಳು ಮೇಸ್ತ್ರಿ ಕೆಂಪಸಿದ್ದಯ್ಯ ಕೇರಿಗೆ ಬಂದು, "ನಾಳೀಕೆ ಅನ್ನೆರಡು ಜನ ಬೇಕ್ರವ್ವ. ಅಗ್ರಿ ಕಾಲೇಜಲ್ಲಿ ನಾಟಿ" ಅಂದ. ಕೆಂಪಸಿದ್ದಯ್ಯನೂ ಅವರ ಕೇರಿಯವನೇ. ಪುಟ್ಟಮಾದಮ್ಮ ಮಗಳ ಕಡೆ ನೋಡಿದಳು.

"ನೀ ಬರ್ಬ್ಯಾಡ ಬುಡು."

"ಯಾಕೆ? ಬತ್ತೀನಿ."

ಲಗೇಜ್ ಆಟೋದಲ್ಲಿ ಕುರಿ ತುಂಬಿದ ಹಾಗೆ ತುಂಬಿಕೊಂಡು ಹೋದರು. ಗೇಟಿನ ಹತ್ತಿರ ಆಟೋ ನಿಂತಿತು. ಪುಟ್ಟಮಾದಮ್ಮನಿಗೆ ಓದು ಬರಲ್ಲ. ಗೋಡೆ ತೋರಿಸಿ, "ಏನ್ ಬರ್ದವ್ರೆ ಮಗ?" ಅಂದಳು.

"ಕೈ ಕೆಸರಾದರೆ ಬಾಯಿ ಮೊಸರು ಅಂತ."

"ಯಾರ್ ಬಾಯಿ?" ಅಂದಳು ಅವ್ವ. ಅವಳೇನೂ ತಮಾಷೆಗೆ ಕೇಳಲಿಲ್ಲ.

ಕಟ್ಟಡದ ಹಿಂದೆ ಗದ್ದೆ. ಸಣ್ಣ ಸಣ್ಣ ಮಡಿ ಮಾಡಿ ನೀರು ನಿಲ್ಲಿಸಿದ್ದರು. ಒಂದೊಂದು ಮಡಿಗೂ ಒಂದೊಂದು ಬೋರ್ಡು, ಬೋರ್ಡಿನ ಮೇಲೆ ಒಬ್ಬೊಬ್ಬ ವಿದ್ಯಾರ್ಥಿಯ ಹೆಸರು. ಬದುವಿನ ಮೇಲೆ ಹುಡುಗ ಹುಡುಗಿಯರು ಸಾಲಾಗಿ ನಿಂತಿದ್ದರು, ಕಾಲಿಗೆ ರಬ್ಬರ್ ಬೂಟು. ಕೆಲಸದ ಪದ್ಧತಿ ಹೀಗೆ. ವಿದ್ಯಾರ್ಥಿ ತನ್ನ ಮಡಿಗೆ ಇಳಿಯಬೇಕು. ಪೈರಿನ ಕಟ್ಟು ಹಿಡಿದು ಬೋರ್ಡಿನ ಪಕ್ಕ ನಿಲ್ಲಬೇಕು. ಫೋಟೋ ತೆಗೀತಾರೆ, ಅದು ರೆಕಾರ್ಡ್ ಪುಸ್ತಕಕ್ಕೆ. ಆಮೇಲೆ ಮೇಲಕ್ಕೆ ಬರಬೇಕು. ಆಳುಗಳು ಇಳಿದು ನಾಟಿ ಮಾಡಬೇಕು. ಪೈರು ಬೆಳೆದ ಮೇಲೆ ಬೋರ್ಡಿನಲ್ಲಿ ಹೆಸರಿರೋರಿಗೆ ಮಾರ್ಕು.

ಕೆಂಪಸಿದ್ದಯ್ಯ ಆಳುಗಳನ್ನ ಹಂಚಿದ. ಅರ್ಪಿತಳ ಪಾಲಿಗೆ ಬಂದ ಬೋರ್ಡಿನಲ್ಲಿ 'ದೀಪಿಕ ಎನ್.' ಅಂತ ಇತ್ತು.

ದೀಪಿಕ ಫೋಟೋ ಮುಗಿಸಿ ಮೇಲೆ ಬರ್ತಿದ್ದವಳು ಇವಳನ್ನ ಕಂಡಳು. "ಅರ್ಪಿತಾ" ಅಂದಳು, ಮೆತ್ತಗೆ. ಇನ್ನೇನೋ ಅನ್ನೋಳು. ಪಕ್ಕದ ಹುಡುಗಿ ಯಾರೇ ಅದು ಅಂತ ಕೇಳಿದಳು. ದೀಪಿಕ ನಮ್ಮೂರು ಅಂದು ಬೂಟಿನ ಕೆಸರಿಗೆ ಬಾಟಲಿ ನೀರು ಹುಯ್ಯತೊಡಗಿದಳು. ಅರ್ಪಿತ ಮಡಿಗೆ ಇಳಿದಳು. ಎಡಗೈಲಿ ಕಟ್ಟು, ಬಲಗೈಲಿ ನಾಟಿ. ಒಂದು ಸಾಲು ಆಯಿತು. ಎರಡು ಸಾಲು ಆಯಿತು. ಏನೂ ಅನ್ನಿಸಲಿಲ್ಲ.

ಬದುವಿನ ಮೇಲೆ ಮೇಷ್ಟ್ರು ಕೈಯಲ್ಲೊಂದು ಸಣ್ಣ ಮೈಕು ಹಿಡಿದು ಪಾಠ ಮಾಡುತ್ತಿದ್ದರು. "ಒಂದು ಕಡೆಗೆ ಎಷ್ಟು ಪೈರು ಇಡಬೇಕು? ಯಾರು ಹೇಳ್ತೀರಿ?"

ಒಬ್ಬ ಹತ್ತು ಅಂದ. ನಕ್ಕರು.

ಮೇಷ್ಟ್ರು ಅರ್ಪಿತಳ ಕಡೆ ತಿರುಗಿದರು. ಅವಳ ಬೆನ್ನಷ್ಟೇ ಅವರಿಗೆ ಕಾಣ್ತಿತ್ತು. "ಏಯ್, ನೀನು ಹೇಳಮ್ಮ. ಕೈ ಎತ್ತಿ ತೋರಿಸು. ಎಲ್ಲರೂ ಇಲ್ಲಿ ನೋಡಿ. ಓದು ಬರಹ ಇಲ್ಲದಿದ್ದರೂ ಈ ಜನಕ್ಕೆ ಎಷ್ಟು ತಿಳಿದಿರುತ್ತೆ ಅಂತ."

ಮೊಬೈಲುಗಳು ಎದ್ದವು. ವಿಡಿಯೋಗೆ.

ಅರ್ಪಿತ ಬಗ್ಗಿದವಳು ಬಗ್ಗಿದ ಹಾಗೇ ಇದ್ದಳು. ಕೈಲಿದ್ದ ಮೂರು ಪೈರು ಕೆಸರಿಗೆ ತಾಗಿತ್ತು, ಒಳಗೆ ಹೋಗಿರಲಿಲ್ಲ. ಓದು ಬರಹ ಇಲ್ಲದಿದ್ದರೂ. ಇಷ್ಟು ದಿನ ಮರಗಟ್ಟಿದ್ದ ಕಾಲಿಗೆ ಈಗ ನೀರಿನ ತಣುಪು ತಿಳಿಯಿತು. ಬೆರಳ ಸಂದಿಯ ಬಿರುಕು ಉರಿಯಿತು. ಕೋಪ ಬಂದಿತ್ತು. ಅದು ಬಂದದ್ದು ಹೊಟ್ಟೆಯಲ್ಲಲ್ಲ, ಕಾಲಲ್ಲಿ. ಸೊಂಟ ನೆಟ್ಟಗೆ ಮಾಡಿ ನಿಂತಳು.

"ಪಹಣಿ ಇರೋರನ್ನ ಕೇಳಿ ಸರ್."

"ಏನಂದೆ?"

"ರೈತರಾಗಬೇಕಾದ್ರೆ ಪಹಣಿ ಇರ್ಬೇಕು ಅಂತ ಇಲ್ಲೇ ಕೌಂಟರಲ್ಲಿ ಹೇಳಿದ್ರು. ನಮಗಿಲ್ಲ. ಪಹಣಿ ಇರೋರೇ ನಾಟಿ ಮಾಡ್ಲಿ ಬುಡ್ರಿ."

ಮೇಷ್ಟ್ರು ಮೈಕು ಕೆಳಗಿಳಿಸಿದರು. ಅರ್ಪಿತ ಪೈರಿನ ಕಟ್ಟನ್ನ ಬೋರ್ಡಿನ ಬುಡದಲ್ಲಿ ಇಟ್ಟಳು. ಎಸೆಯಲಿಲ್ಲ. ಪೈರಿನ ಮೇಲೆ ಅವಳಿಗೇನು ಸಿಟ್ಟು. ಬದುವಿಗೆ ಹತ್ತಿದಳು.

"ನನಗೆ ಓದು ಬರುತ್ತೆ ಸರ್. ಸಿಇಟಿ ಬರ್ದಿದೀನಿ. ಐವತ್ತೆರಡು. ಆವರೇಜಿಗಿಂತ ಕಮ್ಮಿ ಅಂತ ಸೀಟು ಕೊಡಲಿಲ್ಲ. ಈ ಬೋರ್ಡಿನೋರದ್ದು ನಲವತ್ತೊಂಬತ್ತು. ಪ್ರಾಕ್ಟಿಕಲ್ಲಿಗೆ ನಾನೇ ಹೇಳ್ಕೊಟ್ಟಿದ್ದು."

ದೀಪಿಕಳ ಕೈಯಿಂದ ಬಾಟಲಿ ನೀರು ಸುರಿಯುತ್ತಲೇ ಇತ್ತು. ಕೆಂಪಸಿದ್ದಯ್ಯ ಬದುವಿನ ಮೇಲೆ ಓಡಿ ಬಂದ.

"ಒಟ್ಟೆ ಮ್ಯಾಲೆ ಒಡೀಬ್ಯಾಡ ಕಣವ್ವ. ನಾಳೆ ಆಳ್ ಕರೆಯಾಕಿಲ್ಲ ಇವ್ರು. ಇಳಿ. ನನ್ ಮಾತ್ ಕೇಳು, ಇಳಿ."

"ನೀನೂ ಇಳೀಬ್ಯಾಡ ಕಣ್ ದೊಡ್ಡಪ್ಪ."

"ಕೂಲಿ ಕೊಡೋದಿಲ್ಲ" ಅಂದರು ಮೇಷ್ಟ್ರು. "ಯಾರಿಗೂ ಕೊಡೋದಿಲ್ಲ ನೋಡಿ. ಇವಳಿಂದ."

ಆ ಕಡೆ ಮಡಿಗಳಲ್ಲಿ ಹನ್ನೊಂದು ಬೆನ್ನು ಬಗ್ಗಿದ್ದವು. ಎಲ್ಲಕ್ಕಿಂತ ಮುದಿ ಬೆನ್ನು ಪುಟ್ಟಮಾದಮ್ಮನದ್ದು. ಅವಳು ಸೊಂಟಕ್ಕೆ ಕೈ ಕೊಟ್ಟು ಎದ್ದಳು. ಅರ್ಪಿತಳಿಗೆ ಗೊತ್ತಿತ್ತು, ಬೈತಾಳೆ ಅಂತ. ಅವ್ವ ಬೈಯಲಿಲ್ಲ. ಕೈಲಿದ್ದ ಕಟ್ಟು ನೋಡಿಕೊಂಡಳು, ಬದುವಿನ ಮೇಲಿಟ್ಟಳು, ಮಗಳ ಕಡೆ ಬರತೊಡಗಿದಳು. ಕೆಸರಲ್ಲಿ ಬೇಗ ನಡೆಯೋಕೆ ಬರಲ್ಲ. ಬಹಳ ಹೊತ್ತು ಹಿಡಿಯಿತು. ಅವಳನ್ನ ನೋಡಿ ಉಳಿದವರೂ ಎದ್ದರು. ಅವರಲ್ಲಿ ಇಬ್ಬರು ಮತ್ತೆ ಬಗ್ಗಿದರು. ಮಿಕ್ಕವರು ನೆಟ್ಟಗೆ ನಿಂತೇ ಇದ್ದರು, ಕೈ ಆಡಿಸಲಿಲ್ಲ.

ಗದ್ದೆ ಕೊನೆಯ ಕಾಲುವೆಯಲ್ಲಿ ಅವ್ವ ಮಗಳು ಕಾಲು ತೊಳೆಯೋಕೆ ಕೂತರು. ಹಿಂದೆ ಮೇಷ್ಟ್ರು ಇಂಗ್ಲಿಷಿನಲ್ಲಿ ಏನೋ ಜೋರಾಗಿ ಹೇಳ್ತಿದ್ದರು. ಒಬ್ಬೊಬ್ಬರೂ ತಮ್ಮ ತಮ್ಮ ಮಡಿಗೆ ಇಳಿಯಿರಿ ಅಂದರು, ಪೈರು ಬಿಸಿಲಿಗೆ ಬಾಡುತ್ತೆ ಅಂದರು. ಬೂಟು ಕೆಸರಲ್ಲಿ ಕಚ್ಚಿಕೊಳ್ಳೋ ಸದ್ದು ಕೇಳಿತು. ಯಾರೋ ಬಿದ್ದರು.

"ಇವತ್ತಿನ ಕೂಲಿ ಓಯ್ತು" ಅಂದಳು ಪುಟ್ಟಮಾದಮ್ಮ.

"ಹೂಂ."

"ಗೌಡ್ರು ನಿಮ್ಮಪ್ಪನ್ ಮ್ಯಾಲೆ ಕೂಗಾಡ್ತಾರೆ."

"ಹೂಂ ಕಣವ್ವ."

ಪುಟ್ಟಮಾದಮ್ಮ ಮಗಳ ಪಾದ ತನ್ನ ಕೈಗೆ ತಗೊಂಡು ಬೆರಳ ಸಂದಿಯ ಕೆಸರು ತೆಗೆಯತೊಡಗಿದಳು.

"ಅರ್ಪಿತಾ."

ದೀಪಿಕ ತನ್ನ ಬೋರ್ಡಿನ ಪಕ್ಕ ಮೊಣಕಾಲುದ್ದ ಕೆಸರಲ್ಲಿ ನಿಂತಿದ್ದಳು. ಒಂದು ಬೂಟು ಕಾಲಲ್ಲಿರಲಿಲ್ಲ. ಅರ್ಪಿತ ಇಟ್ಟು ಬಂದ ಕಟ್ಟು ಅವಳ ಕೈಲಿತ್ತು. ಅಳ್ತಿದ್ದಳೋ ಏನೋ, ಇಷ್ಟು ದೂರಕ್ಕೆ ತಿಳಿಯಲಿಲ್ಲ.

"ಅರ್ಪಿತಾ, ಒಂದು ಕಡೆಗೆ ಎಷ್ಟು ಪೈರು ಕಣೇ?"

ಎರಡು, ಇಲ್ಲ ಮೂರು. ಅರ್ಪಿತಳ ನಾಲಿಗೆ ತುದಿಗೆ ತಾನಾಗೇ ಬಂತು. ಹನ್ನೆರಡು ದಿನ ಹೇಳಿ ಹೇಳಿ ಅಭ್ಯಾಸ ಆಗಿತ್ತು.

ದೀಪಿಕ ಇನ್ನೊಂದು ಸಲ ಕೇಳಿದಳು.

ಅರ್ಪಿತ ಆ ಕಡೆ ತಿರುಗದೆ, ತೊಳೆಯೋಕೆ ಇನ್ನೊಂದು ಕಾಲನ್ನ ನೀರಿಗೆ ಇಟ್ಟಳು.